ಗಟ್ಟಿ ಚಿಪ್ಪು, ಲಡ್ಡು ಮರ

– ಹಳೇ ಫೈಬರ್ ದೋಣಿಯ ಒಳಗಿರುವುದನ್ನೆಲ್ಲ ಕಿತ್ತು, ಬರೀ ಚಿಪ್ಪು ಉಳಿಸಿಕೊಂಡು, ಅಲ್ಲಿಂದ ಮತ್ತೆ ಕಟ್ಟುತ್ತಾ ಬರುವುದು ನನಗಂತೂ ಪುರುಸೊತ್ತು ಹೆಚ್ಚಾದವರ ಕೆಲಸವಾಗಿಯೇ ಕಾಣುತ್ತದೆ. ಮೂವತ್ತು ನಲವತ್ತು ವರ್ಷ ಬಿಸಿಲು, ಉಪ್ಪುನೀರು ಎರಡನ್ನೂ ಉಂಡ ವಸ್ತು ಅದು. ಮೇಲೆ ಕೈಯಾಡಿಸಿದರೆ ಬಿಳಿ ಪುಡಿ ಹತ್ತುತ್ತದೆ. ನೆಲಹಲಗೆಯ ಮೇಲೆ ಕಾಲಿಟ್ಟರೆ ಮೆತ್ತಗೆ ತಗ್ಗುತ್ತದೆ. ಇಂಜಿನು ಹಿಡಿದು ಅಲುಗಿಸಿದರೆ ಅದರ ಜತೆ ದೋಣಿಯ ಹಿಂಬದಿಯೂ ಅಲುಗುತ್ತದೆ. ಇಷ್ಟೆಲ್ಲ ಕೆಟ್ಟ ಮೇಲೂ ಚಿಪ್ಪೊಂದು ಗಟ್ಟಿಯಾಗಿದೆ ಅಂತ ಯಾವ ಧೈರ್ಯದ ಮೇಲೆ ಹೇಳುತ್ತೀರಿ ಮಾರಾಯ್ರೆ?

– ನಿಮ್ಮ ಮೂರು ದೂರುಗಳಲ್ಲಿ ಒಂದು ಮಾತ್ರ ಫೈಬರಿನ ಮೇಲಿನದು, ಅದೂ ಹೊರಮೈಯದ್ದು. ಕೈಗೆ ಹತ್ತುವ ಪುಡಿ ಜೆಲ್‌ಕೋಟಿನದು. ಅದು ಗಾಜಿನ ಎಳೆಯೇ ಇಲ್ಲದ, ಅರ್ಧ ಮಿಲಿಮೀಟರಿನ ಆಸುಪಾಸು ದಪ್ಪದ ಬಣ್ಣದ ರೆಸಿನ್ ಪದರ. ಬಿಸಿಲಿಗೆ ಬೂದಿಯಾಗುವುದು ಅದೇ. ತಗ್ಗುವ ನೆಲ ಪ್ಲೈವುಡ್ಡಿನದು. ಇಂಜಿನು ತೂಗುವ ಹಿಂಬದಿ, ಟ್ರಾನ್ಸಮ್ ಅನ್ನುತ್ತಾರಲ್ಲ, ಅದು ಎರಡು ಫೈಬರ್ ಪದರಗಳ ನಡುವೆ ಇಟ್ಟು ಮುಚ್ಚಿದ ಪ್ಲೈವುಡ್. ದೋಣಿಯ ವಯಸ್ಸನ್ನು ನೀವು ಅಳೆಯುತ್ತಿರುವುದು ಅದರ ಮರದ ಮೇಲೆ. ಗಾಜು ಮತ್ತು ರೆಸಿನಿನ ವಯಸ್ಸನ್ನು ಬೇರೆಯಾಗಿಯೇ ಅಳೆಯಬೇಕು, ಹಾಗೆ ಅಳೆದವರೂ ಇದ್ದಾರೆ. ಅಮೆರಿಕದ ಕೋಸ್ಟ್ ಗಾರ್ಡ್ 1950ರ ದಶಕದ ಆರಂಭದಲ್ಲಿ 40 ಅಡಿ ಉದ್ದದ ಫೈಬರ್ ಗಸ್ತು ದೋಣಿಗಳನ್ನು ಕಟ್ಟಿಸಿತು. ಆಗ ಈ ವಸ್ತು ಹೊಸದು, ಎಷ್ಟು ಕಾಲ ಬಾಳುತ್ತದೆ ಅನ್ನುವುದು ಯಾರಿಗೂ ತಿಳಿದಿರಲಿಲ್ಲ. ಹಾಗಾಗಿ ಹತ್ತು ವರ್ಷ ದುಡಿದ ದೋಣಿಗಳಿಂದ 1962ರಲ್ಲಿ ತುಂಡು ಕೊಯ್ದು ಪರೀಕ್ಷೆ ಮಾಡಿದರು. ಇಪ್ಪತ್ತು ವರ್ಷ ದುಡಿದು ನಿವೃತ್ತಿಯಾದ ಒಂದು ದೋಣಿಯಿಂದ 1972ರಲ್ಲಿ ಇನ್ನೂ ಹೆಚ್ಚು ತುಂಡು ತೆಗೆದು ಎಳೆದರು, ಒತ್ತಿದರು, ಬಗ್ಗಿಸಿದರು. ಹೇಳಿಕೊಳ್ಳುವಂಥ ಬಲನಷ್ಟ ಕಾಣಲಿಲ್ಲ. ಅದೇ ಅವಧಿಯಲ್ಲಿ, 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ, ರೋಡ್ ಐಲೆಂಡಿನ ಪಿಯರ್ಸನ್ ಸೋದರಸಂಬಂಧಿಗಳು ಕಾರ್ಲ್ ಆಲ್ಬರ್ಗ್ ವಿನ್ಯಾಸದ ಟ್ರೈಟನ್ ಅನ್ನುವ 28 ಅಡಿಯ ಹಾಯಿದೋಣಿಯನ್ನು ತಂದಿಟ್ಟರು. ಸುಮಾರು 700 ಟ್ರೈಟನ್‌ಗಳು ಅಚ್ಚಿನಿಂದ ಎದ್ದವು. ಅರವತ್ತು ವರ್ಷ ದಾಟಿದ ಮೇಲೂ ಅವುಗಳಲ್ಲಿ ಅನೇಕವು ನೀರಿನಲ್ಲಿವೆ. ಡೆಕ್ಕಿನೊಳಗಿನ ಬಾಲ್ಸಾ ಮರ ಕೊಳೆತು ಬದಲಾಗಿದೆ, ಇಂಜಿನು ಬದಲಾಗಿದೆ, ವೈರು ಬದಲಾಗಿದೆ. ಚಿಪ್ಪು ಅದೇ.

– ಅದು ಸರಕಾರಿ ದುಡ್ಡಿನ ಗಸ್ತು ದೋಣಿ, ಇದು ಹೊಸ ವಸ್ತುವನ್ನು ಹೇಗೆ ನಂಬುವುದೆಂದು ಹೆದರಿ ದಪ್ಪಕ್ಕೆ ಬಳಿದ ಹಾಯಿದೋಣಿ. ಅವನ್ನು ತೋರಿಸಿ ಎಲ್ಲ ಫೈಬರ್ ದೋಣಿಗಳ ಪರವಾಗಿ ಜಾಮೀನು ಕೊಡುವುದು ಸರಿಯಲ್ಲ. 2004ರ ಸುನಾಮಿಯ ನಂತರ ಪೂರ್ವ ಕರಾವಳಿಯಲ್ಲಿ ಏನಾಯಿತು? ಪರಿಹಾರದ ಹಣ ಹರಿದು ಬಂತು, ರಾತ್ರೋರಾತ್ರಿ ಫೈಬರ್ ಅಂಗಳಗಳು ಎದ್ದವು, ದೋಣಿ ಕಟ್ಟಿ ಗೊತ್ತಿಲ್ಲದವರೂ ದೋಣಿ ಕಟ್ಟಿದರು. ಹಂಚಿದ ದೋಣಿಗಳಲ್ಲಿ ಎಷ್ಟೋ ಕಳಪೆ ಅಂತ ಆಗಲೇ ದೂರುಗಳಿದ್ದವು. ಅಂಥ ಚಿಪ್ಪು ಇಪ್ಪತ್ತು ವರ್ಷದ ಮೇಲೆ ಗಟ್ಟಿ ಇರುತ್ತದೆಯೇ?

– ಇರುವುದಿಲ್ಲ. ಅದನ್ನು ಕಟ್ಟಿದ ದಿನವೇ ಗಟ್ಟಿ ಇರಲಿಲ್ಲ. ನನ್ನ ವಾದವನ್ನು ಬಿಗಿಮಾಡಿ ಹೇಳುತ್ತೇನೆ: ಸರಿಯಾಗಿ ಹಾಕಿದ ಚಿಪ್ಪು ಒಳಗಿನ ಮರಕ್ಕಿಂತ ಬಹುಕಾಲ ಬಾಳುತ್ತದೆ. ಆದ್ದರಿಂದ ಹಳೇ ದೋಣಿಯ ಬಗ್ಗೆ ಮೊದಲು ಕೇಳಬೇಕಾದದ್ದು ಅದಕ್ಕೆ ಎಷ್ಟು ವರ್ಷ ಅಂತಲ್ಲ, ಚಿಪ್ಪನ್ನು ಹೇಗೆ ಹಾಕಿದ್ದಾರೆ ಅಂತ. ಹೆದರಿ ದಪ್ಪಕ್ಕೆ ಬಳಿದರು ಅನ್ನುವ ಮಾತಿನಲ್ಲಿ ಅರ್ಧ ಸತ್ಯವಿದೆ. 1960ರ ಹೊತ್ತಿಗೆ ಗಿಬ್ಸ್ ಅಂಡ್ ಕಾಕ್ಸ್ ಅನ್ನುವ ಹಡಗು ವಿನ್ಯಾಸಕರ ಸಂಸ್ಥೆ ಫೈಬರ್ ದೋಣಿಗಳ ಲೆಕ್ಕಾಚಾರಕ್ಕೆಂದೇ ಕೈಪಿಡಿ ತಂದಿತ್ತು, ಹಾಗಾಗಿ ಎಲ್ಲವೂ ಕುರುಡು ಊಹೆಯಾಗಿರಲಿಲ್ಲ. ಅದಿರಲಿ, ನಿಮ್ಮ ಎದುರಿಗಿರುವ ಚಿಪ್ಪು ಯಾವ ಜಾತಿಯದು ಎಂದು ತಿಳಿಯಲು ಕೈಪಿಡಿ ಬೇಡ. ಹಗುರ ಸುತ್ತಿಗೆ ಹಿಡಿದು ತಳದುದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಸದ್ದು ಚುರುಕಾಗಿ ಟಣ್ಣೆನ್ನುತ್ತದೆ, ಪದರ ಬಿಟ್ಟಲ್ಲಿ ಡಬ್ಬೆನ್ನುತ್ತದೆ. ಆಮೇಲೆ ತಳದಲ್ಲಿ ಹೇಗೂ ತೂತು ಬೇಕಾದ ಕಡೆ ಹೋಲ್‌ಸಾ ಹಾಕಿ ಒಂದು ಬಿಲ್ಲೆ ಕೊರೆದು ತೆಗೆಯಿರಿ. ಅದನ್ನು ತೂಗಿ, ಬಯಲಲ್ಲಿ ಗಾಳಿಯ ಬೆನ್ನಿಗೆ ನಿಂತು, ಬ್ಲೋಲ್ಯಾಂಪಿನ ಉರಿಗೆ ಹಿಡಿಯಿರಿ. ರೆಸಿನ್ ಕಪ್ಪು ಹೊಗೆ ಬಿಟ್ಟು ಉರಿದು ಹೋಗುತ್ತದೆ, ಗಾಜು ಉಳಿಯುತ್ತದೆ. ಆರಿದ ಮೇಲೆ ಚಿಮಟದಿಂದ ಒಂದೊಂದೇ ಪದರ ಎಬ್ಬಿಸಿದರೆ ಮೂವತ್ತು ವರ್ಷದ ಹಿಂದೆ ಕೆಲಸಗಾರ ಏನು ಹಾಕಿದ್ದನೋ ಅದೆಲ್ಲ ಕಣ್ಣಿಗೆ ಬೀಳುತ್ತದೆ. ಚೆಲ್ಲಾಪಿಲ್ಲಿ ಎಳೆಗಳಿದ್ದರೆ ಮ್ಯಾಟ್, ಚಾಪೆ ಹೆಣಿಗೆಯಿದ್ದರೆ ರೋವಿಂಗ್. ಉಳಿದದ್ದನ್ನು ಮತ್ತೆ ತೂಗಿದರೆ ಗಾಜಿನ ಪಾಲು ತಿಳಿಯುತ್ತದೆ. ಬರೀ ಮ್ಯಾಟ್ ಹಾಕಿದ್ದರೆ ತೂಕದಲ್ಲಿ ಶೇ. 30ರ ಹತ್ತಿರ, ರೋವಿಂಗ್ ಸೇರಿದ್ದರೆ ಅದಕ್ಕಿಂತ ಮೇಲೆ. ಗಾಜು ತೀರಾ ಕಡಿಮೆಯಾಗಿ, ಬಿಳಿ ಪುಡಿ ರಾಶಿ ಉಳಿಯಿತೋ, ರೆಸಿನ್ ಉಳಿಸಲು ಸುಣ್ಣದ ಪುಡಿ ಬೆರೆಸಿದ್ದಾರೆ ಅಂತ ತಿಳಿದುಕೊಳ್ಳಿ. ಆ ದೋಣಿಗೆ ಕೈಮುಗಿದು ಹೊರಡಿ.

– ತಳದಲ್ಲಿ ಗುಳ್ಳೆ ಎದ್ದಿರುತ್ತವಲ್ಲ? ಒತ್ತಿ ಒಡೆದರೆ ಹುಳಿ ವಾಸನೆಯ ನೀರು ಸೂಸುತ್ತದೆ. ಅದು ಚಿಪ್ಪಿನ ರೋಗವೇ ತಾನೆ?

– ಚಿಪ್ಪಿನದೇ. ಆದರೆ ಹೆಚ್ಚಿನ ಕಡೆ ಚರ್ಮರೋಗ. ರೆಸಿನಿನೊಳಗೆ ನೀರಿಗೆ ಕರಗುವ ವಸ್ತು ಉಳಿದಿದ್ದರೆ ಅದು ಜೆಲ್‌ಕೋಟಿನ ಮೂಲಕ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಒತ್ತಡ ಏರಿ ಗುಳ್ಳೆ ಏಳುತ್ತದೆ. ಕೋಸ್ಟ್ ಗಾರ್ಡಿನ ಕೋರಿಕೆಯ ಮೇಲೆ ರೋಡ್ ಐಲೆಂಡ್ ವಿಶ್ವವಿದ್ಯಾಲಯದವರು ಮಾಡಿದ ಅಧ್ಯಯನದ ವರದಿ 1987ರಲ್ಲಿ ಇದನ್ನು ವಿವರವಾಗಿ ಹೇಳಿತು. ಗುಳ್ಳೆ ಜೆಲ್‌ಕೋಟಿನ ಕೆಳಗಷ್ಟೇ ಇದ್ದರೆ ಕೆರೆದು, ತೊಳೆದು, ಚೆನ್ನಾಗಿ ಒಣಗಿಸಿ, ಎಪಾಕ್ಸಿ ಪದರಗಳನ್ನು ಬಳಿದರೆ ಮುಗಿಯಿತು. ಒಳಪದರಗಳೇ ಬಿಟ್ಟುಕೊಂಡಿದ್ದರೆ ಸುತ್ತಿಗೆಯ ಸದ್ದು ಮೊದಲೇ ಹೇಳಿರುತ್ತದೆ. ದಡಕ್ಕೆಳೆದು ಇಡುವ ಸಣ್ಣ ದೋಣಿಗಳಿಗೆ ಈ ಕಾಟ ಕಡಿಮೆ. ವರ್ಷಗಟ್ಟಲೆ ನೀರಲ್ಲೇ ನಿಲ್ಲುವವುಗಳಿಗೆ ಹೆಚ್ಚು.

– ಆಯಿತು, ಚಿಪ್ಪು ಗಟ್ಟಿ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಕೆಟ್ಟದ್ದನ್ನಷ್ಟೇ ಬದಲಿಸಿ. ನೆಲ ಕೊಳೆತಿದ್ದರೆ ನೆಲ, ಟ್ರಾನ್ಸಮ್ ಕೊಳೆತಿದ್ದರೆ ಟ್ರಾನ್ಸಮ್. ಮನೆಯಲ್ಲಿ ಒಂದು ರೀಪು ಹುಳ ಹಿಡಿದರೆ ಮಾಡನ್ನೇ ಬಿಚ್ಚುತ್ತೇವೆಯೇ?

– ಮಾಡಿನ ರೀಪು ಕಣ್ಣಿಗೆ ಕಾಣುತ್ತದೆ, ಗಾಳಿಯಾಡುತ್ತದೆ, ನೆನೆದರೂ ಒಣಗುತ್ತದೆ. ಫೈಬರ್ ದೋಣಿಯ ಮರ ಮುಚ್ಚಿದ ಪೆಟ್ಟಿಗೆಯಲ್ಲಿದೆ, ಎಲ್ಲ ವ್ಯತ್ಯಾಸವೂ ಅಲ್ಲಿಂದಲೇ. ಮರ ಕೊಳೆಯುವುದು ಬೂಷ್ಟಿನಿಂದ. ಮರದ ತೇವ ಶೇ. 20ರ ಕೆಳಗಿದ್ದರೆ ಬೂಷ್ಟು ಬೆಳೆಯುವುದಿಲ್ಲ. ಪೂರ್ತಿ ನೀರಲ್ಲಿ ಮುಳುಗಿ ಗಾಳಿ ಸಿಗದಿದ್ದರೂ ಬೆಳೆಯುವುದಿಲ್ಲ. ಅದಕ್ಕೆ ಬೇಕಾದದ್ದು ನಡುವಿನ ಸ್ಥಿತಿ: ಒದ್ದೆ, ಬೆಚ್ಚಗೆ, ಚೂರು ಗಾಳಿ. ಫೈಬರ್ ಹೊದಿಸಿದ ಮರಕ್ಕೆ ಒಂದೇ ಒಂದು ತೂತಿನಿಂದ ನೀರು ಹೊಕ್ಕರೆ ಆ ಸ್ಥಿತಿ ಅಲ್ಲಿ ವರ್ಷವಿಡೀ ಇರುತ್ತದೆ, ಹೊರಬರುವ ದಾರಿಯಿಲ್ಲದ ನೀರು ಮರದ ಎಳೆ ಹಿಡಿದು ಉದ್ದಕ್ಕೆ ಹರಿಯುತ್ತದೆ. ಆ ತೂತು ಮಾಡಿದವರು ಯಾರು? ನಾವೇ. ಕುರ್ಚಿ ಕೂರಿಸಲು ನೆಲಕ್ಕೆ ಹೊಡೆದ ಸ್ಕ್ರೂ, ಮೀನು ತೋರಿಸುವ ಯಂತ್ರದ ಕಣ್ಣು ಸಿಕ್ಕಿಸಲು ಟ್ರಾನ್ಸಮ್ಮಿನ ಕೆಳಗೆ ಕೊರೆದ ಎರಡು ತೂತು, ನೀರು ಬಸಿಯುವ ಬೂಚಿನ ಸುತ್ತಲಿನ ಬರೀ ಮೈಯ ಪ್ಲೈ. ಯಾರೂ ಒಳಗೆ ರೆಸಿನ್ ಬಳಿದಿರುವುದಿಲ್ಲ, ಬಳಿಯುವುದು ಎರಡು ನಿಮಿಷದ ಕೆಲಸವಾದರೂ.

ಈಗ ನೀವು ಹೇಳಿದಂತೆ ಬರೀ ನೆಲ ಬದಲಿಸಿದೆವು ಅನ್ನೋಣ. ನೆಲ ಕೂತಿರುವುದು ಉದ್ದಕ್ಕೆ ಹೋದ ತೊಲೆಗಳ ಮೇಲೆ, ಸ್ಟ್ರಿಂಗರ್ ಅನ್ನುವ ಆ ತೊಲೆಗಳು ಹಿಂದೆ ಟ್ರಾನ್ಸಮ್ಮಿಗೆ ತಾಗಿವೆ. ನೆಲದ ನೀರು ತೊಲೆಗೆ ಇಳಿದಿರುತ್ತದೆ, ತೊಲೆಯ ನೀರು ಟ್ರಾನ್ಸಮ್ಮಿಗೆ ಹೋಗಿರುತ್ತದೆ, ಇಲ್ಲವೇ ಅಲ್ಲಿಂದ ಇಲ್ಲಿಗೆ ಬಂದಿರುತ್ತದೆ. ತೊಲೆಗಳ ನಡುವೆ ತೇಲುವುದಕ್ಕೆಂದು ತುಂಬಿದ ಫೋಮ್ ಇದೆ. ನೀರು ಕುಡಿಯದ ಫೋಮ್ ಅಂತ ಅದನ್ನು ಮಾರುತ್ತಾರೆ. ಆದರೆ ನಿಂತ ನೀರಿನಲ್ಲಿ ವರ್ಷಗಟ್ಟಲೆ ಕೂತರೆ ಅದೂ ಕುಡಿಯುತ್ತದೆ, ಕುಡಿದದ್ದನ್ನು ಬಿಡುವುದೇ ಇಲ್ಲ. ಒಂದು ಘನ ಅಡಿ ನೀರಿನ ತೂಕ 28 ಕಿಲೋ. ಹತ್ತು ಘನ ಅಡಿ ಫೋಮ್ ಪೂರ್ತಿ ನೆನೆದರೆ ನಾಲ್ಕು ಜನ ಕದಲದೆ ಕೂತಷ್ಟು ಭಾರ. ಇದರ ಮೇಲೆ ಹೊಸ ಪ್ಲೈ ಹಾಕಿ, ಫೈಬರ್ ಬಳಿದು ಮುಚ್ಚುತ್ತೀರಿ. ಹೊಸ ಪ್ಲೈಗೆ ಕೆಳಗಿನಿಂದಲೇ ತೇವ ಸಿದ್ಧವಾಗಿರುತ್ತದೆ. ಕೆಲವೇ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಕಾಲು ಮತ್ತೆ ತಗ್ಗುತ್ತದೆ, ಆಗ ಜನ ಪ್ಲೈ ಮಾರಿದವನನ್ನು ಬೈಯುತ್ತಾರೆ. ಐಎಸ್ 710 ಮುದ್ರೆಯ ಮರೈನ್ ಪ್ಲೈ ತಂದಿದ್ದೆವಲ್ಲ ಅನ್ನುತ್ತಾರೆ. ಅದರ ಅಂಟು ಕುದಿನೀರಿಗೂ ಬಿಡುವುದಿಲ್ಲ, ಮರಕ್ಕೆ ಔಷಧಿಯೂ ಹಾಕಿರುತ್ತಾರೆ, ಎಲ್ಲ ನಿಜ. ಒದ್ದೆ ಫೋಮಿನ ಮೇಲೆ ಉಸಿರುಕಟ್ಟಿಸಿ ಕೂರಿಸಿದರೆ ಅದಾದರೂ ಎಷ್ಟು ಕಾಲ ತಡೆದೀತು? ಅರ್ಧ ರಿಪೇರಿ ಅಗ್ಗ ಅಂತ ನೀವು ಲೆಕ್ಕ ಹಾಕುತ್ತೀರಿ. ಅದನ್ನು ಎರಡು ಸಲ ಮಾಡಬೇಕಾಗುತ್ತದೆ, ಎರಡನೇ ಸಲ ಮೊದಲ ಸಲದ ಹೊಸ ಫೈಬರನ್ನೂ ಕೊಯ್ದು ಬಿಸಾಡಬೇಕಾಗುತ್ತದೆ. ಚಿಪ್ಪಿನ ಮಟ್ಟಕ್ಕೆ ಇಳಿಯಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೆ. ಒಳಗೆ ಎಲ್ಲಿ ಒದ್ದೆಯಿದೆ ಅಂತ ಹೊರಗೆ ನಿಂತು ಹೇಳಲು ಬರುವುದಿಲ್ಲ.

– ಎಲ್ಲ ಕಿತ್ತ ಮೇಲೆ ಆ ಚಿಪ್ಪು ನೆಟ್ಟಗೆ ನಿಲ್ಲುತ್ತದೆಯೇ? ತೊಲೆ, ನೆಲ, ಡೆಕ್ಕು ಎಲ್ಲ ಸೇರಿಯೇ ಅಲ್ಲವೇ ಅದಕ್ಕೆ ಆಕಾರ ಕೊಟ್ಟಿರುವುದು? ಒಳ್ಳೆಯದು ಮಾಡಲು ಹೋಗಿ ದೋಣಿಯನ್ನೇ ಸೊಟ್ಟ ಮಾಡಿಕೊಂಡರೆ?

– ಆ ಭಯ ನ್ಯಾಯವಾದದ್ದೇ. ಹೆಚ್ಚಿನ ದೋಣಿ ಹಾಳಾಗುವುದು ಇಲ್ಲೇ, ರೆಸಿನ್ ಡಬ್ಬಿ ತೆರೆಯುವ ಮೊದಲೇ. ಆರು ಮಿಲಿಮೀಟರ್ ದಪ್ಪದ ಫೈಬರ್ ಹಾಳೆ ಎಳೆತಕ್ಕೆ ಗಟ್ಟಿ, ಬಗ್ಗುವುದಕ್ಕೆ ಮಾತ್ರ ಸಲೀಸು. ಮೇಲಿನ ಡೆಕ್ಕು ಬಿಚ್ಚಿದ ಕೂಡಲೇ ಎರಡೂ ಬದಿಗಳು ಹೊರಕ್ಕೆ ಅಗಲುತ್ತವೆ. ಟ್ರೇಲರಿನ ಎರಡು ರೋಲರುಗಳ ಮೇಲೆ ಕೂತ ತಳ, ಒಳಗಿನ ತೊಲೆ ತೆಗೆದ ಕೂಡಲೇ ಆ ರೋಲರಿನ ಆಕಾರಕ್ಕೆ ತಗ್ಗು ಬೀಳುತ್ತದೆ. ಆ ಸ್ಥಿತಿಯಲ್ಲಿ ಹೊಸ ತೊಲೆ ಕೂರಿಸಿದರೆ ತಗ್ಗು ಶಾಶ್ವತವಾಗಿ ಉಳಿಯಿತು. ಹಿಂಬದಿಯ ತಳದಲ್ಲಿ ಕೆಲವೇ ಮಿಲಿಮೀಟರಿನ ಬಾಗು ಕೆಳಮುಖವಾಗಿದ್ದರೆ ವೇಗದಲ್ಲಿ ದೋಣಿಯ ಮೂತಿ ಏಳದೆ ನೀರು ಅಗೆಯುತ್ತದೆ, ಮೇಲ್ಮುಖವಾಗಿದ್ದರೆ ಮೂತಿ ಕುಣಿಯುತ್ತದೆ. ಹಾಗಾಗಿ ಕೊಯ್ಯುವ ಮೊದಲು ಮಾಡುವ ಕೆಲಸವೇ ಅರ್ಧ ಕೆಲಸ. ತಳದ ಆಕಾರಕ್ಕೆ ಸರಿಯಾಗಿ ಕತ್ತರಿಸಿದ ಹಲಗೆಗಳನ್ನು ಅಡ್ಡಕ್ಕೆ ಮೂರು ನಾಲ್ಕು ಕಡೆ ಇಟ್ಟು ತೊಟ್ಟಿಲು ಕಟ್ಟಬೇಕು, ಭಾರ ಎಲ್ಲೂ ಒಂದೇ ಬಿಂದುವಿನ ಮೇಲೆ ಬೀಳಬಾರದು. ಡೆಕ್ಕು ಇರುವಾಗಲೇ ಎರಡೂ ಬದಿಗಳ ನಡುವಿನ ಅಗಲ ಅಳೆದು ಬರೆದುಕೊಂಡು, ಅಡ್ಡಪಟ್ಟಿ ಬಿಗಿಯಬೇಕು. ಮೂತಿಯಿಂದ ಹಿಂಬದಿಯ ನಡುವಿಗೆ ದಾರ ಎಳೆದು, ರಸಮಟ್ಟ ಇಟ್ಟು ನೋಡಬೇಕು. ತೊಲೆಗಳು ಎಲ್ಲಿದ್ದವು, ಎಷ್ಟು ಎತ್ತರ ಅನ್ನುವುದನ್ನು ಕೀಳುವ ಮೊದಲೇ ಗುರುತು ಹಾಕಬೇಕು. ಕೊಳೆತು ಹುಡಿಯಾದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ. ಕೀಳುವಾಗಲೂ ಎಲ್ಲವನ್ನೂ ಒಂದೇ ಸಲ ಬೇಡ. ಒಂದು ತೊಲೆ ತೆಗೆದು, ಹೊಸದು ಕೂರಿಸಿ, ಆಮೇಲೆ ಇನ್ನೊಂದು ಎಂದು ಹೋಗುವವರಿದ್ದಾರೆ. ತೊಟ್ಟಿಲು ಸರಿಯಿದ್ದರೆ ಎಲ್ಲ ಒಟ್ಟಿಗೆ ತೆಗೆದರೂ ನಡೆಯುತ್ತದೆ, ತಳ ಒಣಗುವುದಕ್ಕೆ ಅದೇ ಒಳ್ಳೆಯದು ಅನ್ನುವುದು ನನ್ನ ಎಣಿಕೆ.

– ಇನ್ನು ಅಂಟಿನ ಮಾತು. ಹೊಸ ದೋಣಿಯಲ್ಲಿ ಪದರದ ಮೇಲೆ ಪದರ ಹಸಿಯಿರುವಾಗಲೇ ಕೂರುತ್ತದೆ, ಎಲ್ಲವೂ ರಸಾಯನದಲ್ಲೇ ಒಂದಾಗುತ್ತದೆ. ನೀವು ಹೊಸ ತೊಲೆಯನ್ನು ಅಂಟಿಸುವುದು ಮೂವತ್ತು ವರ್ಷದ ಹಿಂದೆ ಒಣಗಿ ಕಲ್ಲಾದ ಮೈಗೆ. ಅದು ಬೆಸುಗೆಯಲ್ಲ, ಬರೀ ಕಚ್ಚಿಕೊಂಡಿರುವುದು. ಹೊಸ ಮರ, ಹಳೇ ಚಿಪ್ಪು ಎರಡೂ ಗಟ್ಟಿಯಿದ್ದು ನಡುವಿನ ಅಂಟು ಬಿಟ್ಟರೆ ನಿಮ್ಮ ಇಡೀ ವಾದವೇ ಬಿಡುತ್ತದೆ.

– ಇದೇ ಸರಿಯಾದ ಆಕ್ಷೇಪ, ಇದಕ್ಕೆ ಪೂರ್ತಿ ಸಮಾಧಾನವೂ ಇಲ್ಲ. ಕಚ್ಚಿಕೊಳ್ಳುವುದನ್ನು ಬಿಗಿ ಮಾಡಬಹುದು, ಅಷ್ಟೇ. ಮೊದಲನೆಯದಾಗಿ, ದೋಣಿಯ ಒಳಮೈಗೆ ಕೊನೆಗೆ ಬಳಿಯುವ ರೆಸಿನಿನಲ್ಲಿ ಮೇಣ ಸೇರಿಸಿರುತ್ತಾರೆ, ಗಾಳಿಗೆ ಅಂಟಂಟಾಗದೆ ಒಣಗಲಿ ಅಂತ. ಆ ಮೇಣ ಮೇಲೆ ತೇಲಿ ಕೂತಿರುತ್ತದೆ. ಅದರ ಮೇಲೆ ನೇರ ಗ್ರೈಂಡರ್ ಹಿಡಿದರೆ ಮೇಣ ಗೀರುಗಳೊಳಕ್ಕೆ ತಿಕ್ಕಿಕೊಳ್ಳುತ್ತದೆ. ಆದ್ದರಿಂದ ಮೊದಲು ಅಸಿಟೋನಿನಲ್ಲಿ ಒರೆಸಿ, ಬಟ್ಟೆ ಬದಲಿಸಿ ಮತ್ತೆ ಒರೆಸಿ, ಆಮೇಲೆ ಒರಟು 36 ನಂಬರಿನ ಉಪ್ಪುಕಾಗದದ ಬಿಲ್ಲೆ ಹಾಕಿ ಗಾಜಿನ ಎಳೆ ಕಾಣುವವರೆಗೆ ಕೆರೆಯಬೇಕು. ಹೊಳಪು ಎಲ್ಲಿ ಉಳಿಯಿತೋ ಅಲ್ಲಿ ಅಂಟಿಲ್ಲ. ಎರಡನೆಯದು ವಿಸ್ತೀರ್ಣ. ತೂತು ಮುಚ್ಚುವಾಗ ಅಂಚನ್ನು ದಪ್ಪದ ಹನ್ನೆರಡು ಪಟ್ಟು ದೂರದವರೆಗೆ ಇಳಿಜಾರು ಮಾಡಬೇಕು ಅನ್ನುವ ನಿಯಮ ಅದಕ್ಕೇ ಇರುವುದು. ಆರು ಮಿಲಿಮೀಟರ್ ದಪ್ಪಕ್ಕೆ ಸುತ್ತಲೂ ಏಳು ಸೆಂಟಿಮೀಟರಿಗಿಂತ ಹೆಚ್ಚು. ತೊಲೆಗಳನ್ನು ಚಿಪ್ಪಿಗೆ ಕಟ್ಟುವ ಫೈಬರ್ ಪಟ್ಟಿಗಳೂ ಅದೇ ರೀತಿ ತಳದ ಮೇಲೆ ಅಗಲಕ್ಕೆ ಹರಡಬೇಕು, ಒಂದಕ್ಕಿಂತ ಒಂದು ಮುಂದಕ್ಕೆ ಚಾಚಿರಬೇಕು. ಮೂಲೆಯಲ್ಲಿ ಮೊದಲು ಪುಟ್ಟಿಯಿಂದ ಗುಂಡಗೆ ತಿದ್ದಿಕೊಳ್ಳದಿದ್ದರೆ ಗಾಜು ಆ ತಿರುವಿನಲ್ಲಿ ಕೂರದೆ ಗಾಳಿ ಸಿಕ್ಕಿಕೊಳ್ಳುತ್ತದೆ. ತೊಲೆಯ ಮರ ನೇರವಾಗಿ ಚಿಪ್ಪಿಗೆ ಒತ್ತಿ ನಿಲ್ಲಲೂಬಾರದು, ಅಲೆ ಬಡಿದಾಗ ಆ ಗೆರೆಯಲ್ಲೇ ತಳ ಸೀಳುತ್ತದೆ. ನಡುವೆ ತೆಳ್ಳನೆ ಫೋಮ್ ಪಟ್ಟಿ ಇಡುತ್ತಾರೆ.

ಮೂರನೆಯದು ಯಾವ ರೆಸಿನ್ ಅನ್ನುವುದು. ಹಳೇ ಚಿಪ್ಪಿನ ಒಣಗಿದ ಪಾಲಿಯೆಸ್ಟರ್ ರೆಸಿನಿಗೆ ಹೊಸ ಪಾಲಿಯೆಸ್ಟರಿಗಿಂತ ಎಪಾಕ್ಸಿ ಚೆನ್ನಾಗಿ ಕಚ್ಚುತ್ತದೆ, ಮರಕ್ಕಂತೂ ಇನ್ನೂ ಚೆನ್ನಾಗಿ. ಬೆಲೆ ಹಲವು ಪಟ್ಟು. ನಮ್ಮ ಕಡೆಯ ಕೆಲಸಗಾರರು ಪಾಲಿಯೆಸ್ಟರಿನಲ್ಲೇ ಎಲ್ಲ ಮುಗಿಸುವುದು ಇದಕ್ಕೇ, ಅದರಲ್ಲಿ ತಪ್ಪೇನೂ ಇಲ್ಲ. ಅಗಲ ಬಿಟ್ಟು ಕೆರೆದು, ಚೆನ್ನಾಗಿ ಮಾಡಿದ ಪಾಲಿಯೆಸ್ಟರ್ ಕೆಲಸ ಅವಸರದ ಎಪಾಕ್ಸಿಗಿಂತ ಮೇಲು. ನಾನಾದರೆ ಟ್ರಾನ್ಸಮ್ಮಿಗೆ ಮತ್ತು ತೊಲೆಗಳ ಬುಡಕ್ಕೆ ಎಪಾಕ್ಸಿ ಅನ್ನುತ್ತೇನೆ, ಉಳಿದದ್ದು ಕಿಸೆ ನೋಡಿಕೊಂಡು. ಎರಡನ್ನೂ ಬೆರೆಸಿ ಆಡುವವರು ಮಾತ್ರ ಜಾಗ್ರತೆ. ಮಾಮೂಲಿ ಮ್ಯಾಟಿನ ಎಳೆಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನ ಸ್ಟೈರೀನಿನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ. ಆ ಮ್ಯಾಟ್ ಎಪಾಕ್ಸಿಯಲ್ಲಿ ಮೂಲೆಗೆ ಬಗ್ಗುವುದೇ ಇಲ್ಲ, ಹೊಲಿದ ಬಟ್ಟೆಯೇ ಬೇಕು. ಎಪಾಕ್ಸಿ ಮೇಲೆ ಜೆಲ್‌ಕೋಟನ್ನು ನಂಬಿ ಬಳಿಯುವುದೂ ಬೇಡ, ಪೇಂಟು ಹೊಡೆಯಿರಿ. ಇನ್ನೊಂದು, ಪಾಲಿಯೆಸ್ಟರಿಗೆ ಹಾರ್ಡ್‌ನರ್ ಶೇ. 1ರಿಂದ 2ರೊಳಗೆ ಹವೆ ನೋಡಿ ಹೆಚ್ಚುಕಮ್ಮಿ ಮಾಡಬಹುದು. ಎಪಾಕ್ಸಿಯಲ್ಲಿ ಹಾಗಿಲ್ಲ, ಹೇಳಿದ ಪಾಲು ಹಾಕಲೇಬೇಕು. ಬೇಗ ಒಣಗಲಿ ಅಂತ ಹಾರ್ಡ್‌ನರ್ ಜಾಸ್ತಿ ಸುರಿದರೆ ಅದು ಎಂದೂ ಪೂರ್ತಿ ಒಣಗುವುದಿಲ್ಲ.

– ಹವೆ ಅಂದಿರಲ್ಲ, ಅಲ್ಲೇ ನಿಮ್ಮ ಯೋಜನೆ ಕೆಡುವುದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿ ದಡಕ್ಕೆ ಬರುವುದು, ಕೈಗೆ ಪುರುಸೊತ್ತು ಸಿಗುವುದು ಆಗಲೇ. ಆದರೆ ಮರ ಒಣಗದ, ರೆಸಿನ್ ಬಿಗಿಯದ ಕಾಲವೂ ಅದೇ. ಅಮೆರಿಕದವರು ಬಿಸಿ ಮಾಡಿದ ಷೆಡ್ಡಿನಲ್ಲಿ ಕೂತು ಬರೆದ ವಿಧಾನ ಮಲ್ಪೆಯ ಆಷಾಢಕ್ಕೆ ಒಗ್ಗುತ್ತದೆಯೇ?

– ಪೂರ್ತಿ ಒಗ್ಗುವುದಿಲ್ಲ. ಆದರೆ ಕೆಲಸವನ್ನು ಒಡೆದುಕೊಂಡರೆ ಬಹುಪಾಲು ಒಗ್ಗುತ್ತದೆ. ಕೀಳುವುದು, ಕೊಯ್ಯುವುದು, ಗುರುತು ಹಾಕುವುದು, ಕೆರೆಯುವುದು, ಇದಕ್ಕೆಲ್ಲ ಮಳೆ ಅಡ್ಡಿಯಲ್ಲ, ಮೇಲೆ ಗಟ್ಟಿ ಸೂರಿದ್ದರೆ ಸಾಕು. ಗಾಜಿನ ಪುಡಿ ಹಾರದಿರಲು ಒದ್ದೆ ಹವೆ ಒಳ್ಳೆಯದೇ. ಅಂಟಿಸುವ ಕೆಲಸವನ್ನು ಮಾತ್ರ ಒಣ ಕಾಲಕ್ಕೆ, ಅಂದರೆ ನವೆಂಬರಿನಿಂದ ಈಚೆಗೆ ಇಟ್ಟುಕೊಳ್ಳಬೇಕು. ಅನ್ನಕ್ಕೆ ಆ ದೋಣಿಯನ್ನೇ ನಂಬಿದವರಿಗೆ ಇದು ಆಗದ ಮಾತು ಅಂತ ಬಲ್ಲೆ. ಅಂಥವರು ಚಿಪ್ಪಿನಿಂದ ಕಟ್ಟುವುದಕ್ಕೆ ಎರಡನೇ ದೋಣಿಯನ್ನು ಆರಿಸಿಕೊಳ್ಳಬೇಕೇ ಹೊರತು ದುಡಿಯುತ್ತಿರುವುದನ್ನಲ್ಲ. ಮಳೆಯಲ್ಲೇ ಅಂಟಿಸಬೇಕಾಗಿ ಬಂದರೆ ಎಪಾಕ್ಸಿಯ ಮೇಲೆ ಜಿಡ್ಡಿನ ಪೊರೆಯೊಂದು ಕೂರುತ್ತದೆ. ಮುಂದಿನ ಪದರಕ್ಕೆ ಮೊದಲು ಅದನ್ನು ಬರೀ ನೀರಿನಲ್ಲಿ ಉಜ್ಜಿ ತೊಳೆದು, ಒಣಗಿಸಿ, ಕೆರೆಯದಿದ್ದರೆ ಎಲ್ಲ ಶ್ರಮವೂ ನೀರಲ್ಲಿ ಹೋಮ. ಇನ್ನು ಉಸಿರಿನ ಮಾತು. ಪಾಲಿಯೆಸ್ಟರಿನ ವಾಸನೆಗೆ ಕಾರಣವಾದ ಸ್ಟೈರೀನನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಮೂಗಿಗೆ ಟವೆಲು ಸುತ್ತಿಕೊಂಡರೆ ಪುಡಿ ಒಂದಿಷ್ಟು ನಿಂತೀತು, ಆವಿ ನಿಲ್ಲುವುದಿಲ್ಲ. ಪಾಲಿಯೆಸ್ಟರ್ ಬೇಗ ಬಿಗಿಯಲೆಂದು ಬೆರೆಸುವ ಕೋಬಾಲ್ಟನ್ನೂ ಹಾರ್ಡ್‌ನರನ್ನೂ ನೇರ ಒಂದಕ್ಕೊಂದು ಸೇರಿಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಒಂದನ್ನು ರೆಸಿನಿನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಈ ವಿಷಯದಲ್ಲಿ ನಮ್ಮ ಅಂಗಳಗಳ ಧೈರ್ಯ ನೋಡಿದರೆ ನನಗೆ ಭಯವಾಗುತ್ತದೆ.

– ಸರಿ, ಎಲ್ಲ ಒಪ್ಪಿದೆ ಅನ್ನಿ. ಕೊನೆಗೆ ಲೆಕ್ಕ ಹಾಕಿ. ರೆಸಿನ್, ಗಾಜು, ಪ್ಲೈ, ಪೇಂಟು, ಕೂಲಿ, ಸೂರಿನ ಬಾಡಿಗೆ. ಇದೆಲ್ಲ ಕೂಡಿದರೆ ಅದೇ ಅಳತೆಯ ಹೊಸ ದೋಣಿ ಬರುತ್ತದೆ. ಮಾರಲು ಹೋದರೆ ಹಳೇ ದೋಣಿಗೆ ಅರ್ಧ ಬೆಲೆಯೂ ಹುಟ್ಟುವುದಿಲ್ಲ.

– ಕೂಲಿ ಕೊಟ್ಟು ಮಾಡಿಸಿ, ಮಾರಿ ಲಾಭ ಮಾಡುತ್ತೇನೆ ಅನ್ನುವವನಿಗೆ ನಿಮ್ಮ ಲೆಕ್ಕವೇ ಸರಿ, ಅದರ ವಿರುದ್ಧ ನಾನು ವಾದಿಸುವುದಿಲ್ಲ. ಆದರೆ ನಿಮ್ಮ ಲೆಕ್ಕದಲ್ಲಿ ಒಂದು ಕಲಮು ಬಿಟ್ಟುಹೋಗಿದೆ: ಬಿಸಾಡುವ ಖರ್ಚು. ಮರದ ದೋಣಿ ಸತ್ತರೆ ಒಲೆಗಾಯಿತು, ಕಬ್ಬಿಣದ್ದು ಗುಜರಿಗಾಯಿತು. ಫೈಬರಿನ ರೆಸಿನ್ ಒಮ್ಮೆ ಬಿಗಿದರೆ ಮತ್ತೆ ಕರಗುವುದಿಲ್ಲ. ಗುಜರಿಯವನು ಇಂಜಿನು, ಅಲ್ಯುಮಿನಿಯಂ ಹೊತ್ತೊಯ್ಯುತ್ತಾನೆ, ಚಿಪ್ಪನ್ನು ಮುಟ್ಟುವುದಿಲ್ಲ. ಫ್ರಾನ್ಸಿನಲ್ಲಿ 2019ರಿಂದ ದೋಣಿ ತಯಾರಕರ ಹಣದಲ್ಲೇ ಹಳೇ ವಿಹಾರ ದೋಣಿಗಳನ್ನು ಒಡೆದು ವಿಲೇವಾರಿ ಮಾಡುವ ವ್ಯವಸ್ಥೆ ನಡೆದಿದೆ, ಯಾಕೆಂದರೆ ಅಲ್ಲಿನ ತೀರಗಳಲ್ಲಿ ಅವು ಬಿದ್ದು ರಾಶಿಯಾಗಿದ್ದವು. ನಾವು ಹೊಸದು ಅಗ್ಗ ಅನ್ನುವುದು ಹಳೆಯದನ್ನು ಹೊಳೆಬದಿಯ ಕಾಂಡ್ಲದ ನಡುವೆ ತಳ್ಳಿ ಬರುವುದಕ್ಕೆ ಯಾರೂ ದುಡ್ಡು ಕೇಳದಿರುವುದರಿಂದ. ಗಟ್ಟಿ ಚಿಪ್ಪಿಗೆ ಎಷ್ಟು ಆಯುಷ್ಯ ಇದೆ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಕೊಡುತ್ತೇನೆ. ಬ್ರಿಟಿಷ್ ನೌಕಾದಳದ ಎಚ್‌ಎಂಎಸ್ ವಿಲ್ಟನ್ 1973ರಲ್ಲಿ ಸೇವೆಗೆ ಸೇರಿದಾಗ ಫೈಬರಿನಲ್ಲಿ ಕಟ್ಟಿದ ಮೊದಲ ಯುದ್ಧನೌಕೆ. ಸಮುದ್ರದ ಮೈನು ಹುಡುಕುವ ಹಡಗಿಗೆ ಅಯಸ್ಕಾಂತ ಗುಣವಿಲ್ಲದ ಮೈ ಬೇಕಿತ್ತು. ಅದರೊಳಗೆ ಕೂರಿಸಿದ ಯಂತ್ರಗಳು ಒಡೆದ ಹಳೇ ಹಡಗೊಂದರವು, ನಮ್ಮ ಕೆಲಸದ ತಿರುವುಮುರುವು ಅನ್ನಬಹುದು. ಸೇವೆ ಮುಗಿಸಿದ ಅದರ ಮೈ ಇಂಗ್ಲೆಂಡಿನ ಲೀ-ಆನ್-ಸೀಯಲ್ಲಿ ಹಾಯಿದೋಣಿಯವರ ಕ್ಲಬ್ಬಿನ ಮನೆಯಾಯಿತು.

– ಹಾಗಂತ ಎಲ್ಲವನ್ನೂ ಚಿಪ್ಪಿನಿಂದ ಎಬ್ಬಿಸಬಹುದೇ?

– ಇಲ್ಲ. ಬಾಸ್ಟನ್ ವೇಲರ್ ನೋಡಿ. 1958ರಲ್ಲಿ ಡಿಕ್ ಫಿಶರ್ ತಂದ ಆ 13 ಅಡಿಯ ದೋಣಿ ಎರಡು ಚಿಪ್ಪುಗಳ ನಡುವೆ ಫೋಮ್ ತುಂಬಿ ಒಂದೇ ಗಟ್ಟಿಯಾಗಿ ಮಾಡಿದ್ದು. ಗರಗಸದಿಂದ ಎರಡು ಹೋಳು ಮಾಡಿದರೂ ತೇಲುತ್ತದೆ ಅಂತ ಜಾಹೀರಾತಿಗೇ ಕೊಯ್ದು ತೋರಿಸಿದರು. ಅದರಲ್ಲಿ ಬಿಚ್ಚಿ ತೆಗೆಯುವ ಒಳಭಾಗವೇ ಇಲ್ಲ. ಫೋಮ್ ಪೂರ್ತಿ ನೀರು ಕುಡಿದಿದ್ದರೆ ಅದನ್ನು ಬಿಟ್ಟುಬಿಡುವುದೇ ಲೇಸು. ತೆಳ್ಳನೆ ಮೈಯವು, ಸುಣ್ಣದ ಪುಡಿಯವು, ತಳದ ತುಂಬ ಡಬ್ಬೆನ್ನುವವು, ಇವನ್ನೂ ಬಿಡಿ. ಉಳಿದವುಗಳಲ್ಲಿ ತಳದ ಆಕಾರ ಒಳ್ಳೆಯದಿದ್ದು, ಕೆಲಸ ನಿಮ್ಮದೇ ಕೈಯದಾಗಿದ್ದು, ಮೇಲೆ ಸೂರಿದ್ದರೆ ಕಟ್ಟಿ.

– ಕಟ್ಟಿದ ಮೇಲೆ ಟ್ರಾನ್ಸಮ್ ಹೊಸದು, ಮೊದಲಿಗಿಂತ ಗಟ್ಟಿ. ಇಂಜಿನೂ ಸ್ವಲ್ಪ ದೊಡ್ಡದು ಹಾಕಬಹುದಲ್ಲ?

– ಎಲ್ಲರಿಗೂ ಬರುವ ಆಸೆ ಅದು. ಟ್ರಾನ್ಸಮ್ ತಡೆಯುತ್ತದೆ, ತಳವನ್ನು ಕೇಳಿದ್ದೀರಾ? ಆ ಚಿಪ್ಪಿನ ಅಚ್ಚು ಮಾಡಿದಾಗ ಹಿಂದೆ ತೂಗುತ್ತಿದ್ದದ್ದು ಹಗುರ ಟೂ-ಸ್ಟ್ರೋಕ್. ಇಂದಿನ ಫೋರ್-ಸ್ಟ್ರೋಕ್ ಅದೇ ಕುದುರೆಬಲಕ್ಕೆ ಸಾಮಾನ್ಯವಾಗಿ ಹೆಚ್ಚು ತೂಗುತ್ತದೆ. ಅದೇ ಬಲದ್ದು ಹಾಕಿದರೂ ಹಿಂಬದಿ ಮೊದಲಿಗಿಂತ ತಗ್ಗುತ್ತದೆ, ದೊಡ್ಡದು ಹಾಕಿದರೆ ಡೆಕ್ಕಿನ ನೀರು ಹೊರಹೋಗುವ ತೂತುಗಳಿಂದಲೇ ನೀರು ಒಳಬರುತ್ತದೆ. ಒಳಗಿಂದ ತೆಗೆದ ಒದ್ದೆ ಫೋಮಿನ ಭಾರ ಕಳೆಯಿತಲ್ಲ ಅಂತ ಅದನ್ನು ಇಂಜಿನಿಗೆ ಜಮೆ ಮಾಡಬೇಡಿ, ಹೊಸ ಫೋಮ್ ಅಲ್ಲಿಗೆ ವಾಪಸು ಹೋಗಲೇಬೇಕು. ಮಗುಚಿದ ದಿನ ನೀವು ಹಿಡಿದುಕೊಂಡು ತೇಲುವುದು ಅದನ್ನೇ. ಹಾಗಾಗಿ ಇಂಜಿನು ಕೊಳ್ಳುವ ಮೊದಲು ಆ ತೂಕದ ಮರಳುಚೀಲ ಹಿಂಬದಿಗೆ ಹೇರಿ, ದೋಣಿ ನೀರಿಗಿಳಿಸಿ, ಗೆರೆ ಎಲ್ಲಿಗೆ ಬರುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಇಂಜಿನಿನ ತೂಗುಬೋಲ್ಟಿಗೆ ಕೊರೆಯುವ ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ಪುಟ್ಟಿ ತುಂಬಿ, ಅದು ಬಿಗಿದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಇನ್ನೊಮ್ಮೆ ಕೊರೆಯಿರಿ. ಬೋಲ್ಟು ಪ್ಲೈಯನ್ನು ಎಲ್ಲೂ ಮುಟ್ಟಬಾರದು.